ಪಹಣಿಯಿಲ್ಲದೆ ಮಾರಾಟವಾದ ನಾಡು

ಅಮೆರಿಕ ಸಂಯುಕ್ತ ಸಂಸ್ಥಾನದ ಐವತ್ತು ರಾಜ್ಯಗಳಲ್ಲಿ ಅಲಾಸ್ಕಾ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಉತ್ತರದ್ದು. ದೇಶದ ಮುಖ್ಯಭಾಗಕ್ಕೂ ಅದಕ್ಕೂ ನಡುವೆ ಕೆನಡಾ ಅಡ್ಡ ಮಲಗಿದೆ. ವಿಸ್ತೀರ್ಣ ಸುಮಾರು 17.18 ಲಕ್ಷ ಚದರ ಕಿಲೋಮೀಟರ್, ಅಂದರೆ ಸರಿಸುಮಾರು ಒಂಬತ್ತು ಕರ್ನಾಟಕಗಳಷ್ಟು. ಜನ ಮಾತ್ರ 2020ರ ಗಣತಿಯ ಪ್ರಕಾರ 7,33,391. ಮೈಸೂರು ನಗರವೊಂದರಲ್ಲೇ ಇದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಆ ಏಳೂಕಾಲು ಲಕ್ಷದಲ್ಲೂ ಐವರಲ್ಲಿ ಇಬ್ಬರು ಆಂಕರೇಜ್ ಎಂಬ ಒಂದೇ ಊರಿನವರು. ಅಮೆರಿಕದ ಶಾಲಾ ಭೂಪಟಗಳಲ್ಲಿ ಅಲಾಸ್ಕಾವನ್ನು ಕುಗ್ಗಿಸಿ, ಕೆಳಗಿನ ಎಡ ಮೂಲೆಯ ಚೌಕದೊಳಗೆ ಹವಾಯಿಯ ಪಕ್ಕ ಕೂರಿಸುವ ರೂಢಿಯಿದೆ. ಹೀಗಾಗಿ ಅದೂ ಒಂದು ಬಿಸಿಲಿನ ದ್ವೀಪವೆಂದುಕೊಂಡ ಮಕ್ಕಳಿದ್ದರೆ ತಪ್ಪು ಅವರದಲ್ಲ.

ಹೆಸರು ಬಂದದ್ದು ಅಲೂಟ್ ಭಾಷೆಯಿಂದ. ಕಡಲಿನ ಅಲೆ ಹೋಗಿ ಬಡಿಯುವ ನೆಲ ಎಂಬುದು ಅದರ ಹೆಚ್ಚುಕಡಿಮೆ ಅರ್ಥ. ದ್ವೀಪವಾಸಿಗಳು ಮುಖ್ಯಭೂಮಿಯನ್ನು ಕರೆಯುತ್ತಿದ್ದ ಬಗೆ ಅದು.

ಒಂದೇ ರಾಜ್ಯವೆಂದು ಕರೆದರೂ ನೆಲ ಒಂದೇ ಬಗೆಯದಲ್ಲ. ಕೆನಡಾದ ಪಶ್ಚಿಮ ಅಂಚಿಗೆ ಬಾಲದಂತೆ ಇಳಿದಿರುವ ಆಗ್ನೇಯ ಭಾಗ ಮಳೆಯ ಸೀಮೆ. ಅಲ್ಲಿನ ಕೆಚಿಕನ್ ಊರಿನಲ್ಲಿ ವರ್ಷಕ್ಕೆ ಸುಮಾರು 380 ಸೆಂಟಿಮೀಟರ್ ಮಳೆ, ಆಗುಂಬೆಯ ಅರ್ಧದಷ್ಟು. ಸಾವಿರಕ್ಕೂ ಹೆಚ್ಚು ದ್ವೀಪಗಳು, ಕಡಿದಾದ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕಾಲುವೆಗಳು, ಅಮೆರಿಕದ ಅತಿ ದೊಡ್ಡ ರಾಷ್ಟ್ರೀಯ ಅರಣ್ಯವಾದ ಟೋಂಗಸ್ ಎಲ್ಲ ಇರುವುದು ಇಲ್ಲಿಯೇ. ರಾಜಧಾನಿ ಜೂನೋ ಕೂಡ ಇಲ್ಲಿದೆ. ಬೆನ್ನಿಗೆ ವಿಶಾಲವಾದ ಹಿಮಗಡ್ಡೆಯ ಬಯಲು, ಎದುರಿಗೆ ಕಡಲು. ಆದ್ದರಿಂದ ಜೂನೋಗೆ ಹೊರಗಿನ ಯಾವ ಊರಿನಿಂದಲೂ ರಸ್ತೆಯಿಲ್ಲ. ಶಾಸಕರು ಅಧಿವೇಶನಕ್ಕೆ ಬರಬೇಕಾದರೆ ಹಡಗು ಹತ್ತಬೇಕು, ಇಲ್ಲವೇ ವಿಮಾನ.

ಒಳನಾಡು ಇದಕ್ಕೆ ತದ್ವಿರುದ್ಧ. ದಕ್ಷಿಣದ ಅಲಾಸ್ಕಾ ಶ್ರೇಣಿ ಕಡಲಿನ ಗಾಳಿಯನ್ನು ತಡೆಯುವುದರಿಂದ ಚಳಿಗಾಲ ಕಟುವಾದದ್ದು, ಬೇಸಿಗೆ ಚಿಕ್ಕದಾದರೂ ಚುರುಕಾದದ್ದು. ಪ್ರಾಸ್ಪೆಕ್ಟ್ ಕ್ರೀಕ್ ಎಂಬಲ್ಲಿ 1971ರ ಜನವರಿಯಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 62.2 ಡಿಗ್ರಿ ಸೆಲ್ಸಿಯಸ್ ಕೆಳಗಿಳಿದಿತ್ತು. ಫೋರ್ಟ್ ಯೂಕಾನ್‌ನಲ್ಲಿ 1915ರ ಜೂನ್‌ನಲ್ಲಿ 37.8 ಡಿಗ್ರಿಗೆ ಏರಿತ್ತು. ಎರಡೂ ಆರ್ಕ್ಟಿಕ್ ವೃತ್ತದ ಆಸುಪಾಸಿನ ಜಾಗಗಳು. ಒಳನಾಡಿನ ನಡುವೆ ಹರಿಯುವ ಯೂಕಾನ್ ನದಿ ಕೆನಡಾದಲ್ಲಿ ಹುಟ್ಟಿ 3,000 ಕಿಲೋಮೀಟರಿಗೂ ಹೆಚ್ಚು ಸಾಗಿ ಬೇರಿಂಗ್ ಸಮುದ್ರ ಸೇರುತ್ತದೆ. ಚಳಿಗಾಲದಲ್ಲಿ ನದಿಯೇ ರಸ್ತೆ. ವಸಂತದಲ್ಲಿ ಮಂಜುಗಡ್ಡೆ ಬಿರಿಯುವ ದಿನ ಒಳನಾಡಿನವರ ಪಾಲಿಗೆ ಯುಗಾದಿಯಿದ್ದಂತೆ. ನೆನಾನಾ ಎಂಬ ಊರಿನಲ್ಲಿ ಟನಾನಾ ನದಿಯ ಮಂಜಿನ ಮೇಲೆ ಮರದ ಕಂಬವೊಂದನ್ನು ನೆಟ್ಟು, ಅದನ್ನು ದಡದ ಗಡಿಯಾರಕ್ಕೆ ಹಗ್ಗದಿಂದ ಕಟ್ಟಿ, ಅದು ಯಾವ ದಿನ, ಯಾವ ನಿಮಿಷಕ್ಕೆ ಸರಿಯುತ್ತದೆಂದು ಜನ ಬಾಜಿ ಕಟ್ಟುತ್ತಾರೆ. 1917ರಲ್ಲಿ ರೈಲು ಹಳಿಯ ಕೆಲಸಗಾರರು ಹೊತ್ತು ಕಳೆಯಲು ಶುರುಮಾಡಿದ ಈ ಆಟ ಇಂದಿಗೂ ನಿಂತಿಲ್ಲ. ಹವಾಮಾನ ವಿಜ್ಞಾನಿಗಳಿಗೆ ಇದು ನೂರು ವರ್ಷಗಳ ಅಚ್ಚುಕಟ್ಟಾದ ದಾಖಲೆಯೂ ಆಗಿ ಒದಗಿದೆ.

ಅಲಾಸ್ಕಾ ಶ್ರೇಣಿಯ ತುದಿಯೇ ಉತ್ತರ ಅಮೆರಿಕದ ಅತಿ ಎತ್ತರದ ಶಿಖರ, 6,190 ಮೀಟರ್. ಒಳನಾಡಿನ ಅಥಬಾಸ್ಕನ್ ಜನ ಅದನ್ನು ಡೆನಾಲಿ, ಅಂದರೆ ಎತ್ತರದ್ದು ಎಂದು ಕರೆದರು. 1896ರಲ್ಲಿ ಚಿನ್ನ ಹುಡುಕುವವನೊಬ್ಬ ಅದಕ್ಕೆ ಮೆಕಿನ್ಲಿ ಎಂದು ಹೆಸರಿಟ್ಟ. ಅಲಾಸ್ಕಾವನ್ನು ಒಮ್ಮೆಯೂ ಕಾಣದ ರಾಜಕಾರಣಿ ಮೆಕಿನ್ಲಿ. 2015ರಲ್ಲಿ ಕೇಂದ್ರ ಸರ್ಕಾರ ಡೆನಾಲಿ ಎಂಬ ಹೆಸರನ್ನೇ ಒಪ್ಪಿತು, 2025ರಲ್ಲಿ ಮತ್ತೆ ಮೆಕಿನ್ಲಿಗೆ ಮರಳಿತು. ಅಲಾಸ್ಕಾದವರು ಯಾವ ಆದೇಶಕ್ಕೂ ಕಾಯದೆ ಡೆನಾಲಿ ಎನ್ನುತ್ತಲೇ ಬಂದಿದ್ದಾರೆ. 1913ರಲ್ಲಿ ಅದರ ನೆತ್ತಿಯ ಮೇಲೆ ಮೊದಲು ಕಾಲಿಟ್ಟವನು ವಾಲ್ಟರ್ ಹಾರ್ಪರ್. ಅವನ ತಾಯಿ ಅಥಬಾಸ್ಕನ್.

ಇನ್ನೂ ಉತ್ತರಕ್ಕೆ ಬ್ರೂಕ್ಸ್ ಶ್ರೇಣಿ ದಾಟಿದರೆ ಮರಗಳು ಮುಗಿಯುತ್ತವೆ. ಅಲ್ಲಿಂದಾಚೆ ಆರ್ಕ್ಟಿಕ್ ಸಾಗರದವರೆಗೂ ಹುಲ್ಲು, ಪಾಚಿ, ಕೊಳಗಳ ಬಯಲು. ಅದರಡಿಯಲ್ಲಿ ವರ್ಷವಿಡೀ ಕರಗದೆ ನೂರಾರು ಮೀಟರ್ ಆಳಕ್ಕೆ ಹೆಪ್ಪುಗಟ್ಟಿದ ಮಣ್ಣು. ಪರ್ಮಾಫ್ರಾಸ್ಟ್ ಎಂದು ಭೂವಿಜ್ಞಾನಿಗಳು ಕರೆಯುವ ಈ ಹೆಪ್ಪುನೆಲ ಕಲ್ಲಿನಷ್ಟು ಗಟ್ಟಿ, ಹೆಪ್ಪಾಗಿರುವಷ್ಟು ಕಾಲ ಮಾತ್ರ. ದೇಶದ ಉತ್ತರದ ತುದಿಯ ಊರಾದ ಉಟ್ಕಿಯಾಗ್ವಿಕ್‌ನಲ್ಲಿ ನವೆಂಬರ್ ಮೂರನೇ ವಾರ ಮುಳುಗಿದ ಸೂರ್ಯ ಮತ್ತೆ ಮುಖ ತೋರುವುದು ಜನವರಿ ನಾಲ್ಕನೇ ವಾರದ ಹೊತ್ತಿಗೆ. ಬೇಸಿಗೆಯಲ್ಲಿ ಸುಮಾರು ಎಂಬತ್ತು ದಿನ ಮುಳುಗುವುದೇ ಇಲ್ಲ.

ನೈಋತ್ಯಕ್ಕೆ ಅಲೂಷಿಯನ್ ದ್ವೀಪಗಳು ಏಷ್ಯಾದತ್ತ ಸರದಂತೆ ಸಾಗಿವೆ. ಪೆಸಿಫಿಕ್ ಸಾಗರತಳದ ಫಲಕ ಇಲ್ಲಿ ಉತ್ತರ ಅಮೆರಿಕದ ಫಲಕದಡಿಗೆ ನುಸುಳುತ್ತದೆ. ಸರದ ಮಣಿಗಳಲ್ಲಿ ಹಲವು ಜ್ವಾಲಾಮುಖಿಗಳು. 1912ರ ಜೂನ್‌ನಲ್ಲಿ ಸಿಡಿದ ನೋವರುಪ್ಟಾ ಇಪ್ಪತ್ತನೇ ಶತಮಾನದ ಅತಿ ದೊಡ್ಡ ಜ್ವಾಲಾಮುಖಿ ಸ್ಫೋಟ. 1964ರ ಮಾರ್ಚ್ 27ರ ಭೂಕಂಪದ ತೀವ್ರತೆ 9.2, ಉಪಕರಣಗಳು ದಾಖಲಿಸಿದವುಗಳಲ್ಲಿ ಜಗತ್ತಿಗೇ ಎರಡನೆಯದು. ನಾಲ್ಕೂವರೆ ನಿಮಿಷ ನೆಲ ಅಲುಗಿತು. ಅಷ್ಟಾದರೂ ಸತ್ತವರು ನೂರೈವತ್ತಕ್ಕಿಂತ ಕಡಿಮೆ, ಅವರಲ್ಲೂ ಬಹುಪಾಲು ಸುನಾಮಿಗೆ ಸಿಕ್ಕವರು. ಜನವಿರಳವಾಗಿದ್ದುದೇ ಅಂದು ನಾಡನ್ನು ಕಾಯಿತು.

ಬೇರಿಂಗ್ ಜಲಸಂಧಿ ಏಷ್ಯಾವನ್ನೂ ಅಮೆರಿಕವನ್ನೂ ಬೇರ್ಪಡಿಸುವುದು ಬರೀ 85 ಕಿಲೋಮೀಟರಿನಷ್ಟು ಅಂತರದಲ್ಲಿ. ಹಿಮಯುಗದಲ್ಲಿ ಕಡಲಮಟ್ಟ ತಗ್ಗಿದ್ದಾಗ ಅಲ್ಲಿ ಒಣನೆಲವಿತ್ತು. ಅಮೆರಿಕ ಖಂಡಗಳ ಮೊದಲ ಮನುಷ್ಯರು ಆ ದಾರಿಯಾಗಿಯೇ ಬಂದರೆಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಉತ್ತರ ಕರಾವಳಿಯ ಇನುಪಿಯಾಟರು ಬೋಹೆಡ್ ತಿಮಿಂಗಿಲದ ಬೇಟೆಗಾರರು. ಯೂಕಾನ್ ಮತ್ತು ಕುಸ್ಕೋಕ್ವಿಮ್ ನದಿಗಳ ಮುಖಜಭೂಮಿ ಯೂಪಿಕರದು, ಒಳನಾಡು ಅಥಬಾಸ್ಕನ್ನರದು, ದ್ವೀಪಸರ ಅಲೂಟರದು. ಅಲೂಟರು ತಮ್ಮನ್ನು ಕರೆದುಕೊಳ್ಳುವುದು ಉನಂಗನ್ ಎಂದು. ಆಗ್ನೇಯದ ಮಳೆಕಾಡಿನಲ್ಲಿ ಟ್ಲಿಂಗಿಟರು, ಹೈಡಾಗಳು.

ಟ್ಲಿಂಗಿಟರ ವ್ಯವಸ್ಥೆ ತುಳುನಾಡಿನ ಅಳಿಯಕಟ್ಟನ್ನು ಬಲ್ಲವರಿಗೆ ಥಟ್ಟನೆ ಅರ್ಥವಾಗುವಂಥದು. ಕುಲ ತಾಯಿಯಿಂದ ಬರುತ್ತದೆ, ಪದವಿ ಸೋದರಮಾವನಿಂದ ಅಳಿಯನಿಗೆ ಇಳಿಯುತ್ತದೆ. ಸಾಲ್ಮನ್ ಮೀನು ಏರಿಬರುವ ಒಂದೊಂದು ಹೊಳೆಯೂ ಇಂಥ ಕುಲದ್ದು ಎಂದು ಗೊತ್ತು. ಬೇರೆಯವರು ಬಲೆ ಹಾಕಬೇಕಾದರೆ ಕೇಳಬೇಕು. ಒಡೆತನವನ್ನು ಹೇಳುವುದು ಕಾಗದವಲ್ಲ. ಮನೆಯೆದುರಿನ ಕೆತ್ತಿದ ಕಂಬ, ಕುಲಕ್ಕೆ ಸೇರಿದ ಹಾಡು, ಔತಣದಲ್ಲಿ ಎಲ್ಲರೆದುರು ಹೇಳುವ ವಂಶಾವಳಿ. ಮುಂದೆ ನಡೆದದ್ದನ್ನು ಅರಿಯಲು ಇದು ನೆನಪಿರಬೇಕು. ಅಲಾಸ್ಕಾ ಒಡೆಯರಿಲ್ಲದ ಪಾಳುನೆಲವಾಗಿ ಎಂದೂ ಇರಲಿಲ್ಲ.

ಯುರೋಪಿನವರು ಬಂದದ್ದು ಪೂರ್ವದಿಂದಲ್ಲ, ಸೈಬೀರಿಯಾದ ಕಡೆಯಿಂದ. ರಷ್ಯಾದ ಸೇವೆಯಲ್ಲಿದ್ದ ಡೇನ್ ನಾವಿಕ ವೈಟಸ್ ಬೇರಿಂಗ್ 1741ರ ಜುಲೈನಲ್ಲಿ ಅಲಾಸ್ಕಾದ ಹಿಮಶಿಖರಗಳನ್ನು ಕಂಡ. ವರ್ಷಗಟ್ಟಲೆ ಸಿದ್ಧತೆ ನಡೆಸಿ ಬಂದವನು ದಡದಲ್ಲಿ ನಿಲ್ಲಲು ಒಪ್ಪಲಿಲ್ಲ. ಜೊತೆಯಲ್ಲಿದ್ದ ನಿಸರ್ಗಶಾಸ್ತ್ರಜ್ಞ ಗಿಯೋರ್ಗ್ ಸ್ಟೆಲರ್‌ಗೆ ಕಯಾಕ್ ದ್ವೀಪದಲ್ಲಿ ಸಿಕ್ಕಿದ್ದು ಹತ್ತು ಗಂಟೆ ಹೊತ್ತು. ಅಷ್ಟರಲ್ಲೇ ಆತ ನೀಲಿ ಹಕ್ಕಿಯೊಂದನ್ನು ನೋಡಿ, ಅದರ ನಂಟಿನ ಹಕ್ಕಿಯ ಚಿತ್ರವನ್ನು ಅಮೆರಿಕದ ಪುಸ್ತಕದಲ್ಲಿ ಕಂಡ ನೆನಪಿನಿಂದ, ತಾವು ಮುಟ್ಟಿದ್ದು ಅಮೆರಿಕವೇ ಎಂದು ಖಚಿತಪಡಿಸಿಕೊಂಡ. ವಾಪಸಾಗುವಾಗ ಹಡಗು ಒಡೆಯಿತು. ಬೇರಿಂಗ್ ನಿರ್ಜನ ದ್ವೀಪವೊಂದರಲ್ಲಿ ತೀರಿಕೊಂಡ. ಉಳಿದವರು ಮರುವರ್ಷ ಕಮ್ಚಾಟ್ಕಕ್ಕೆ ಮರಳಿದಾಗ ಅವರ ಬಳಿ ಕಡಲ ನೀರುನಾಯಿಯ ತೊಗಲುಗಳಿದ್ದವು. ಚೀನಾದ ಸಿರಿವಂತರು ಆ ತುಪ್ಪಳಕ್ಕೆ ಕೇಳಿದಷ್ಟು ಬೆಲೆ ಕೊಡುತ್ತಿದ್ದರು.

ಅಲಾಸ್ಕಾದ ಮುಂದಿನ ನೂರಿಪ್ಪತ್ತು ವರ್ಷವನ್ನು ತೀರ್ಮಾನಿಸಿದ್ದು ಆ ತೊಗಲಿನ ಕಟ್ಟು. ಸೈಬೀರಿಯಾದ ವ್ಯಾಪಾರಿಗಳು ದ್ವೀಪದಿಂದ ದ್ವೀಪಕ್ಕೆ ನುಗ್ಗಿದರು. ನೀರುನಾಯಿಯ ಬೇಟೆ ಅವರ ಕೈಲಾಗುವ ಕೆಲಸವಲ್ಲ. ತೊಗಲಿನ ದೋಣಿಯಲ್ಲಿ ಕೂತು ಈಟಿಯೆಸೆಯುವ ವಿದ್ಯೆ ಅಲೂಟರದು. ಹೆಂಗಸರು ಮಕ್ಕಳನ್ನು ಒತ್ತೆಯಿಟ್ಟುಕೊಂಡು ಗಂಡಸರನ್ನು ಬೇಟೆಗೆ ಅಟ್ಟಿದರು. ಹಸಿವು, ರೋಗ, ಕೊಲೆಗಳಿಂದ ಕೆಲವೇ ತಲೆಮಾರುಗಳಲ್ಲಿ ಅಲೂಟರ ಬಹುಪಾಲು ನಶಿಸಿತು. ಸ್ಟೆಲರ್ ಮೊದಲ ಬಾರಿಗೆ ವರ್ಣಿಸಿದ ದೈತ್ಯ ಕಡಲಹಸು 1768ರ ಹೊತ್ತಿಗೆ, ಅಂದರೆ ಇಪ್ಪತ್ತೇಳೇ ವರ್ಷಗಳಲ್ಲಿ ನಿರ್ನಾಮವಾಯಿತು.

1784ರಲ್ಲಿ ಗ್ರಿಗೋರಿ ಶೆಲಿಖೋವ್ ಕೋಡಿಯಾಕ್ ದ್ವೀಪದಲ್ಲಿ ರಷ್ಯನ್ನರ ಮೊದಲ ಕಾಯಂ ನೆಲೆ ಹೂಡಿದ. 1799ರಲ್ಲಿ ಚಕ್ರವರ್ತಿ ಮೊದಲನೇ ಪಾವೆಲ್ ರಷ್ಯನ್-ಅಮೆರಿಕನ್ ಕಂಪನಿಗೆ ಸನ್ನದು ನೀಡಿದ. ನಮ್ಮಲ್ಲಿ ಈಸ್ಟ್ ಇಂಡಿಯಾ ಕಂಪನಿ ಆಳುತ್ತಿದ್ದ ಕಾಲದಲ್ಲೇ ಅಲ್ಲಿಯೂ ಒಂದು ಕಂಪನಿ ಸರ್ಕಾರ. ಅದರ ಮುಖ್ಯಸ್ಥ ಅಲೆಕ್ಸಾಂಡರ್ ಬಾರನೋವ್ ಸಿಟ್ಕಾದಲ್ಲಿ ಕಟ್ಟಿದ ಕೋಟೆಯನ್ನು ಟ್ಲಿಂಗಿಟರು 1802ರಲ್ಲಿ ಸುಟ್ಟರು. 1804ರಲ್ಲಿ ಯುದ್ಧನೌಕೆಯ ನೆರವಿನಿಂದ ಅವನು ಮರಳಿ ಬಂದ. ಟ್ಲಿಂಗಿಟರು ಹಿಂದೆ ಸರಿದರೂ ಶರಣಾಗಲಿಲ್ಲ. ಕಂಪನಿಯ ಕಾಲ ಮುಗಿಯುವವರೆಗೂ ರಷ್ಯನ್ನರು ಸಿಟ್ಕಾದ ಗೋಡೆಯಾಚೆ ಹುಷಾರಾಗಿಯೇ ಓಡಾಡಬೇಕಿತ್ತು.

ಇಡೀ ಅಲಾಸ್ಕಾದಲ್ಲಿ ರಷ್ಯನ್ನರ ಸಂಖ್ಯೆ ಒಮ್ಮೆಯೂ ಸಾವಿರ ಮುಟ್ಟಲಿಲ್ಲ. ಒಳನಾಡಿನ ಬಹುಭಾಗವನ್ನು ಅವರು ಕಂಡೇ ಇರಲಿಲ್ಲ. ಬ್ರಿಟಿಷರ ಹಡ್ಸನ್ಸ್ ಬೇ ಕಂಪನಿ 1847ರಲ್ಲಿ ರಷ್ಯಾದ ಗಡಿಯೊಳಗೇ ಫೋರ್ಟ್ ಯೂಕಾನ್ ಕಟ್ಟಿ ವ್ಯಾಪಾರ ಶುರುಮಾಡಿದಾಗ ತಡೆಯಲೂ ಯಾರಿರಲಿಲ್ಲ. ಇದ್ದದ್ದು ಕೆಲವು ಕೋಟೆ, ಕೆಲವು ಚರ್ಚು, ಭೂಪಟದಲ್ಲಿ ಒಂದು ಬಣ್ಣ.

ಕ್ರಿಮಿಯಾ ಯುದ್ಧದ ಸೋಲಿನ ಬಳಿಕ ರಷ್ಯಾದ ಖಜಾನೆ ಬರಿದಾಗಿತ್ತು, ನೀರುನಾಯಿಗಳು ಮುಗಿಯುತ್ತ ಬಂದಿದ್ದವು, ಕಂಪನಿ ನಷ್ಟದಲ್ಲಿತ್ತು. ಮತ್ತೊಂದು ಯುದ್ಧವಾದರೆ ಕೆನಡಾದಲ್ಲಿರುವ ಬ್ರಿಟಿಷರು ಇದನ್ನು ಬಿಟ್ಟಿಯಾಗಿ ಕಸಿಯುತ್ತಾರೆ. ಅದಕ್ಕಿಂತ ಮಾರಿಬಿಡುವುದೇ ಲೇಸು ಎಂದು ಸೇಂಟ್ ಪೀಟರ್ಸ್‌ಬರ್ಗ್ ಲೆಕ್ಕ ಹಾಕಿತು. ಅಮೆರಿಕದ ವಿದೇಶಾಂಗ ಸಚಿವ ವಿಲಿಯಂ ಸೆವಾರ್ಡ್ ಮತ್ತು ರಷ್ಯಾದ ರಾಯಭಾರಿ ಸ್ಟೆಕ್ಲ್ 1867ರ ಮಾರ್ಚ್ 30ರ ಬೆಳಗಿನ ಜಾವ ನಾಲ್ಕಕ್ಕೆ ಸಹಿ ಹಾಕಿದರು. ಕ್ರಯ 72 ಲಕ್ಷ ಡಾಲರ್. ಎಕರೆಗೆ ಎರಡು ಸೆಂಟಿನ ಲೆಕ್ಕ. ಸೆವಾರ್ಡ್‌ನ ಹುಚ್ಚಾಟವೆಂದು ದೇಶವೆಲ್ಲ ನಕ್ಕಿತೆಂಬ ಕಥೆ ಪಠ್ಯಗಳಲ್ಲಿ ಜನಪ್ರಿಯ. ಗೇಲಿ ಮಾಡಿದ ಪತ್ರಿಕೆಗಳಿದ್ದದ್ದು ನಿಜ, ಬೆಂಬಲಿಸಿದವೇ ಹೆಚ್ಚು. ಸೆನೆಟ್‌ನಲ್ಲಿ ಒಪ್ಪಂದದ ಪರ 37, ವಿರುದ್ಧ 2 ಮತ ಬಿದ್ದವು.

ಹಸ್ತಾಂತರವಾದದ್ದು ಸಿಟ್ಕಾದಲ್ಲಿ, 1867ರ ಅಕ್ಟೋಬರ್ 18ರಂದು. ರಷ್ಯಾದ ಬಾವುಟ ಇಳಿಸುವಾಗ ಕಂಬಕ್ಕೆ ಸಿಕ್ಕಿಕೊಂಡು, ಸಿಪಾಯಿಯೊಬ್ಬನನ್ನು ಮೇಲಕ್ಕೆಳೆದು ಬಿಡಿಸಬೇಕಾಯಿತು. ಪಂಚಾಂಗವೂ ದಿನರೇಖೆಯೂ ಒಟ್ಟಿಗೆ ಬದಲಾದವು; ಹಳೆಯ ಲೆಕ್ಕದ ಅಕ್ಟೋಬರ್ 6ರ ಶುಕ್ರವಾರದ ಮರುದಿನ ಅಕ್ಟೋಬರ್ 18, ಅದೂ ಶುಕ್ರವಾರವೇ. ಸಿಟ್ಕಾದ ಟ್ಲಿಂಗಿಟರು ಕೇಳಿದ್ದು ಸರಳ ಪ್ರಶ್ನೆ: ರಷ್ಯನ್ನರಿಗೆ ಇಲ್ಲಿರಲು ಬಿಟ್ಟವರು ನಾವು, ನೆಲ ಮಾರಲು ಅವರು ಯಾರು? ಪಹಣಿ ಒಬ್ಬರ ಹೆಸರಿನಲ್ಲಿ, ಕ್ರಯಪತ್ರ ಇನ್ನೊಬ್ಬರ ಹೆಸರಿನಲ್ಲಿ ಎನ್ನುವಂಥ ಈ ತಕರಾರು ಇತ್ಯರ್ಥವಾಗಲು ನೂರನಾಲ್ಕು ವರ್ಷ ಹಿಡಿಯಿತು.

ಕೊಂಡ ಮೇಲೆ ಅಮೆರಿಕ ಆ ಕಡೆ ತಿರುಗಿ ನೋಡಲಿಲ್ಲ. ಮೊದಲು ಸೇನೆ, ಆಮೇಲೆ ಸುಂಕದವರು, ನಂತರ ನೌಕಾಪಡೆ ಸರದಿಯಂತೆ ಆಳಿದರು. 1884ರವರೆಗೆ ನಾಗರಿಕ ಆಡಳಿತವೆಂಬುದೇ ಇರಲಿಲ್ಲ. 1882ರಲ್ಲಿ ಆಂಗೂನ್ ಎಂಬ ಟ್ಲಿಂಗಿಟ್ ಊರಿನ ಹಿರಿಯನೊಬ್ಬ ತಿಮಿಂಗಿಲದ ಹಡಗಿನ ಅಪಘಾತದಲ್ಲಿ ಸತ್ತ. ಊರಿನವರು ತಮ್ಮ ಕಟ್ಟಳೆಯಂತೆ ಇನ್ನೂರು ಕಂಬಳಿ ಪರಿಹಾರ ಕೇಳಿದರು. ನೌಕಾಪಡೆ ತಿರುಗಿ ನಾನ್ನೂರು ಕಂಬಳಿ ದಂಡ ವಿಧಿಸಿತು. ದಂಡ ಪೂರ್ತಿ ಬಾರದಿದ್ದಾಗ ಊರಿನ ಮೇಲೆ ಫಿರಂಗಿ ಹಾರಿಸಿ ಮನೆ, ದೋಣಿ, ಚಳಿಗಾಲದ ದಾಸ್ತಾನು ಸುಟ್ಟುಹಾಕಿತು. ಆರು ಮಕ್ಕಳು ಸತ್ತರು. ನೌಕಾಪಡೆ ಕ್ಷಮೆ ಕೇಳಿದ್ದು 2024ರಲ್ಲಿ.

ಚಿನ್ನ ಸಿಕ್ಕ ಮೇಲೆ ಚಿತ್ರ ಬದಲಾಯಿತು. 1880ರಲ್ಲಿ ಕೋವೀ ಎಂಬ ಟ್ಲಿಂಗಿಟ್ ಮುಖಂಡ ದಾರಿ ತೋರಿಸಿ ಕರೆದೊಯ್ದ ಇಬ್ಬರಿಗೆ ಚಿನ್ನ ಸಿಕ್ಕ ಜಾಗವೇ ಜೂನೋ. ಹೆಸರು ಬಂದದ್ದು ಆ ಇಬ್ಬರಲ್ಲಿ ಒಬ್ಬನಿಂದ. 1897-98ರ ಕ್ಲಾಂಡೈಕ್ ಗಣಿಗಳು ಇದ್ದದ್ದು ಕೆನಡಾದಲ್ಲಿ, ದಾರಿ ಮಾತ್ರ ಅಲಾಸ್ಕಾದ ಸ್ಕಾಗ್ವೇ ಆಸುಪಾಸಿನಿಂದ. ವರ್ಷದ ದಿನಸಿ ಇಲ್ಲದವರನ್ನು ಕೆನಡಾದ ಪೊಲೀಸರು ಒಳಗೆ ಬಿಡುತ್ತಿರಲಿಲ್ಲ. ಹಾಗಾಗಿ ಒಬ್ಬೊಬ್ಬನೂ ಹೆಚ್ಚುಕಡಿಮೆ ಒಂದು ಟನ್ ಸಾಮಾನನ್ನು ಹತ್ತಾರು ಸಲ ಬೆನ್ನ ಮೇಲೆ ಹೊತ್ತು ಚಿಲ್ಕೂಟ್ ಕಣಿವೆಯ ಮಂಜಿನ ಮೆಟ್ಟಿಲು ಹತ್ತಿದ. ಬಳಿಕ ನೋಮ್, ಫೇರ್‌ಬ್ಯಾಂಕ್ಸ್‌ಗಳಲ್ಲೂ ಚಿನ್ನ ಸಿಕ್ಕಿತು. ನೋಮ್ ಊರು ಮತ್ತೆ ಸುದ್ದಿಯಾದದ್ದು 1925ರಲ್ಲಿ. ಡಿಫ್ತೀರಿಯಾ ಹಬ್ಬಿದಾಗ, ಹಡಗು ವಿಮಾನ ಎರಡೂ ಅಸಾಧ್ಯವಾಗಿದ್ದ ಚಳಿಯಲ್ಲಿ, ಇಪ್ಪತ್ತು ಮಂದಿ ನಾಯಿಬಂಡಿಯವರು ಒಬ್ಬರಿಂದೊಬ್ಬರಿಗೆ ದಾಟಿಸುತ್ತ 1,085 ಕಿಲೋಮೀಟರ್ ದೂರಕ್ಕೆ ಐದೂವರೆ ದಿನದಲ್ಲಿ ಔಷಧಿ ಮುಟ್ಟಿಸಿದರು.

1912ರಲ್ಲಿ ಅಲಾಸ್ಕಾಕ್ಕೆ ಸ್ವಂತ ಶಾಸನಸಭೆ ಬಂತು. 1927ರಲ್ಲಿ ಬಾವುಟ ಬಂತು: ಅನಾಥಾಲಯದಲ್ಲಿ ಬೆಳೆದ ಹದಿಮೂರರ ಹುಡುಗ ಬೆನ್ನಿ ಬೆನ್ಸನ್ ನೀಲಿ ಹಿನ್ನೆಲೆಯ ಮೇಲೆ ಸಪ್ತರ್ಷಿ ಮಂಡಲವನ್ನೂ ಧ್ರುವ ನಕ್ಷತ್ರವನ್ನೂ ಬರೆದು ಶಾಲಾಮಕ್ಕಳ ಸ್ಪರ್ಧೆ ಗೆದ್ದಿದ್ದ. ಮೂಲನಿವಾಸಿ ತಾಯಿಯ ಮಗ ಅವನು.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಅಲೂಷಿಯನ್ ಸರದ ಆಟ್ಟು, ಕಿಸ್ಕಾ ದ್ವೀಪಗಳನ್ನು ಹಿಡಿಯಿತು. 1943ರ ಮೇ ತಿಂಗಳಲ್ಲಿ ಆಟ್ಟುವನ್ನು ಮರಳಿ ಪಡೆಯಲು ಐನೂರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಜಪಾನಿನ ಕಡೆ ಎರಡು ಸಾವಿರಕ್ಕೂ ಮೇಲೆ. ಆಟ್ಟು ಹಳ್ಳಿಯ ಅಲೂಟರನ್ನು ಜಪಾನ್ ಸೆರೆಯೊಯ್ದಿತ್ತು. ಉಳಿದ ದ್ವೀಪಗಳ ಸುಮಾರು 880 ಅಲೂಟರನ್ನು ಅವರ ಸ್ವಂತ ಸರ್ಕಾರವೇ ರಕ್ಷಣೆಯ ಹೆಸರಿನಲ್ಲಿ ಆಗ್ನೇಯದ ಪಾಳುಬಿದ್ದ ಮೀನು ಕಾರ್ಖಾನೆಗಳಿಗೆ ತುಂಬಿತು. ಹತ್ತರಲ್ಲಿ ಒಬ್ಬರು ಹಿಂತಿರುಗಲಿಲ್ಲ. ಅದೇ ಯುದ್ಧದಲ್ಲಿ ಫೇರ್‌ಬ್ಯಾಂಕ್ಸ್ ಮೂಲಕ ಎಂಟು ಸಾವಿರದಷ್ಟು ಅಮೆರಿಕನ್ ವಿಮಾನಗಳು ಸೋವಿಯತ್ ಒಕ್ಕೂಟಕ್ಕೆ ಹೋದವು. ಮಾರಿದವರಿಗೆ ಮಾರಿದ ನೆಲ ಹೀಗೂ ಒದಗಿತು. ಕೆನಡಾದ ಮೂಲಕ ಅಲಾಸ್ಕಾಕ್ಕೆ ಮೊದಲ ರಸ್ತೆ ಆದದ್ದೂ ಆಗಲೇ, 1942ರಲ್ಲಿ.

1959ರ ಜನವರಿ 3ರಂದು ಅಲಾಸ್ಕಾ 49ನೇ ರಾಜ್ಯವಾಯಿತು. ಹತ್ತು ಕೋಟಿ ಎಕರೆಗೂ ಹೆಚ್ಚು ನೆಲವನ್ನು ತನಗೆ ಬೇಕಾದ ಕಡೆ ಆರಿಸಿಕೊಳ್ಳುವ ಹಕ್ಕು ಹೊಸ ರಾಜ್ಯಕ್ಕೆ ಸಿಕ್ಕಿತು. ಯಾರ ನೆಲ ಎಂಬ ಹಳೆಯ ಪ್ರಶ್ನೆ ಆಗ ತಪ್ಪಿಸಿಕೊಳ್ಳಲಾಗದಂತೆ ಎದ್ದಿತು. ಅದಕ್ಕೂ ಮೊದಲು, 1955ರಲ್ಲಿ, ಟ್ಲಿಂಗಿಟರ ಟೀ-ಹಿಟ್-ಟೋನ್ ಕುಲ ತನ್ನ ಕಾಡಿನ ಮರಕ್ಕೆ ಪರಿಹಾರ ಕೇಳಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಸಂಸತ್ತು ಮಾನ್ಯಮಾಡದ ಮೂಲನಿವಾಸಿ ಒಡೆತನಕ್ಕೆ ಪರಿಹಾರ ಕೊಡಬೇಕಾಗಿಲ್ಲ ಎಂದಿತ್ತು. 1958ರಲ್ಲಿ ಪಾಯಿಂಟ್ ಹೋಪ್ ಹಳ್ಳಿಯ ಹತ್ತಿರ ಅಣುಬಾಂಬುಗಳನ್ನು ಸಿಡಿಸಿ ಬಂದರು ತೋಡುವ ಯೋಜನೆಯನ್ನೂ ಸರ್ಕಾರ ಮುಂದಿಟ್ಟಿತು. ಇನುಪಿಯಾಟರ ವಿರೋಧದಿಂದ ಅದು ನಿಂತಿತು. ಚದುರಿದ್ದ ಮೂಲನಿವಾಸಿಗಳು ಒಂದಾಗಲು ಅದೇ ಕಾರಣವಾಯಿತು. 1966ರಲ್ಲಿ ಅವರದೇ ಒಕ್ಕೂಟ ಹುಟ್ಟಿತು. ಹಕ್ಕಿನ ತಕರಾರು ತೀರುವವರೆಗೆ ರಾಜ್ಯ ನೆಲ ಆರಿಸಿಕೊಳ್ಳುವುದನ್ನು ಕೇಂದ್ರದ ಒಳನಾಡು ಸಚಿವ ಸ್ಟೂವರ್ಟ್ ಉಡಾಲ್ ಅದೇ ವರ್ಷ ತಡೆಹಿಡಿದ.

ಎರಡು ವರ್ಷಕ್ಕೆ, 1968ರಲ್ಲಿ, ಆರ್ಕ್ಟಿಕ್ ದಡದ ಪ್ರುಡೋ ಬೇಯಲ್ಲಿ ಉತ್ತರ ಅಮೆರಿಕದ ಅತಿ ದೊಡ್ಡ ಎಣ್ಣೆ ನಿಕ್ಷೇಪ ಸಿಕ್ಕಿತು. ಎಣ್ಣೆ ಸಾಗಿಸಲು ಕೊಳವೆ ಬೇಕು, ಕೊಳವೆಗೆ ಜಾಗ ಬೇಕು, ಜಾಗಕ್ಕೆ ತಕರಾರಿಲ್ಲದ ಹಕ್ಕುಪತ್ರ ಬೇಕು. ನ್ಯಾಯ ಮಾಡಿಸಲಾಗದ ಕೆಲಸವನ್ನು ಎಣ್ಣೆ ಮಾಡಿಸಿತು. 1971ರ ಡಿಸೆಂಬರ್‌ನ ಕಾಯ್ದೆಯಂತೆ ಮೂಲನಿವಾಸಿಗಳಿಗೆ 4.4 ಕೋಟಿ ಎಕರೆ ನೆಲ, 96.25 ಕೋಟಿ ಡಾಲರ್ ಸಂದಾಯವಾಯಿತು. ಉಳಿದ ಹಕ್ಕೆಲ್ಲ ರದ್ದು. ನೆಲ ಹೋದದ್ದು ಕುಲಗಳ ಹೆಸರಿಗಲ್ಲ, ಹೊಸದಾಗಿ ಹುಟ್ಟುಹಾಕಿದ ಪ್ರಾದೇಶಿಕ ಮತ್ತು ಹಳ್ಳಿ ಕಂಪನಿಗಳ ಹೆಸರಿಗೆ. ಸೋದರಮಾವನಿಂದ ಬಂದ ಹೊಳೆ ಷೇರುಪತ್ರವಾಯಿತು.

ಪ್ರುಡೋ ಬೇಯಿಂದ ದಕ್ಷಿಣದ ವಾಲ್ಡೀಜ್ ಬಂದರಿಗೆ 1,288 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ 1977ರ ಬೇಸಿಗೆಯಲ್ಲಿ ಎಣ್ಣೆ ಹರಿಯಿತು. ಬಿಸಿ ಎಣ್ಣೆಯ ಕೊಳವೆಯನ್ನು ಹೆಪ್ಪುನೆಲದಲ್ಲಿ ಹೂತರೆ ಮಣ್ಣು ಕರಗಿ ಕುಸಿಯುತ್ತದೆ. ಅದಕ್ಕಾಗಿ ಅರ್ಧಕ್ಕಿಂತ ಹೆಚ್ಚು ಉದ್ದವನ್ನು ಕಂಬಗಳ ಮೇಲೆ ಎತ್ತಿ, ಹಿಗ್ಗಲು ಕುಗ್ಗಲು ಅನುವಾಗುವಂತೆ ಅಂಕುಡೊಂಕಾಗಿ ಹಾಯಿಸಿದ್ದಾರೆ. 2002ರಲ್ಲಿ 7.9ರ ಭೂಕಂಪವಾದಾಗಲೂ ಅದು ಒಡೆಯಲಿಲ್ಲ. ಒಡೆದದ್ದು ಹಡಗು: 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಜ್ ಬಂಡೆಗೆ ಬಡಿದು ಸುಮಾರು ನಾಲ್ಕು ಕೋಟಿ ಲೀಟರ್ ಎಣ್ಣೆ ಕಡಲಿಗೆ ಚೆಲ್ಲಿತು. ಎಣ್ಣೆಯ ವರಮಾನದ ಒಂದು ಪಾಲನ್ನು ಕೂಡಿಡಲು 1976ರಲ್ಲೇ ರಾಜ್ಯವು ಸಂವಿಧಾನ ತಿದ್ದಿ ಕಾಯಂ ನಿಧಿ ಸ್ಥಾಪಿಸಿತ್ತು. 1982ರಿಂದ ಅದರ ಲಾಭ ಪ್ರತಿ ನಿವಾಸಿಗೂ, ಹಸುಗೂಸಿಗೂ, ವರ್ಷಕ್ಕೊಮ್ಮೆ ಸಲ್ಲುತ್ತಿದೆ. ರಾಜ್ಯಮಟ್ಟದ ಆದಾಯ ತೆರಿಗೆಯೂ ಇಲ್ಲ, ಮಾರಾಟ ತೆರಿಗೆಯೂ ಇಲ್ಲ. 1988ರಲ್ಲಿ ದಿನಕ್ಕೆ ಇಪ್ಪತ್ತು ಲಕ್ಷ ಬ್ಯಾರೆಲ್ ಹರಿಸುತ್ತಿದ್ದ ಕೊಳವೆಯಲ್ಲಿ ಈಗ ಅದರ ಕಾಲು ಭಾಗವೂ ಹರಿಯುವುದಿಲ್ಲ. ಹೀಗಾಗಿ ಹಂಚುವ ಹಣ ಎಷ್ಟಿರಬೇಕೆಂಬ ಜಗಳ ಜೂನೋದ ಪ್ರತಿ ಅಧಿವೇಶನದಲ್ಲೂ ಇದ್ದದ್ದೇ.

ಆ ಎಣ್ಣೆ ಉರಿದ ಜಗತ್ತು ಬಿಸಿಯಾಗುತ್ತಿದೆ, ಅಲಾಸ್ಕಾ ಇತರೆಡೆಗಿಂತ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ. ಹೆಪ್ಪುನೆಲ ಸಡಿಲಗೊಂಡು ದಡದ ಹಳ್ಳಿಗಳು ನದಿಗೂ ಕಡಲಿಗೂ ಜಾರುತ್ತಿವೆ. ಅವುಗಳಲ್ಲೊಂದು ಯೂಪಿಕರ ನ್ಯೂಟಾಕ್. ಋತುವಿಗೆ ತಕ್ಕಂತೆ ಬಿಡಾರ ಬದಲಿಸುತ್ತಿದ್ದ ಜನ ಅವರು. ಆ ತಗ್ಗುನೆಲದಲ್ಲಿ ಅವರು ಕಾಯಂ ಆಗಿ ನೆಲೆಸಿದ್ದು 1949ರಲ್ಲಿ. ಶಾಲೆ ಕಟ್ಟುವ ಸಾಮಾನು ತಂದ ಸರ್ಕಾರಿ ದೋಣಿಗೆ ಅದಕ್ಕಿಂತ ಮೇಲೆ ಹೋಗಲಾಗಲಿಲ್ಲ ಎಂಬ ಕಾರಣಕ್ಕೆ. ನದಿ ಊರನ್ನು ಕೊರೆಯತೊಡಗಿದಾಗ ಅವರು ಆರಿಸಿಕೊಂಡ ಹೊಸ ಜಾಗ ಸುಮಾರು ಹದಿನೈದು ಕಿಲೋಮೀಟರ್ ದೂರದ ಬಂಡೆನೆಲ, ಮೆರ್ಟಾರ್ವಿಕ್. ಅದು ವನ್ಯಜೀವಿ ಧಾಮಕ್ಕೆ ಸೇರಿದ ಕೇಂದ್ರ ಸರ್ಕಾರದ ನೆಲವಾಗಿತ್ತು. ನೆಲ ಬದಲಾಯಿಸಿಕೊಳ್ಳಲು ಅಮೆರಿಕದ ಸಂಸತ್ತು 2003ರಲ್ಲಿ ಕಾಯ್ದೆ ಮಾಡಬೇಕಾಯಿತು. ಮೊದಲ ಕುಟುಂಬಗಳು ಅಲ್ಲಿ ಮನೆ ಹೊಕ್ಕದ್ದು 2019ರಲ್ಲಿ.